ಮೂರು ಸಲ ಕೂಗುವ ಶಾಂತಪ್ಪ

ಕೋರ್ಟಿನ ಬಾಗಿಲಲ್ಲಿ ನಿಂತು ಪಕ್ಷಗಾರರ ಹೆಸರು ಕೂಗುವ ಶಾಂತಪ್ಪನಿಗೆ ಕಿವಿ ಮಂದ ಎಂದು ಅನಂತರಾವ್ ಮೊದಲ ದಿನವೇ ತೀರ್ಮಾನಿಸಿ, ಅದನ್ನು ಬರವಣಿಗೆಯಲ್ಲೂ ಇಳಿಸಿಬಿಟ್ಟರು. ಆಧಾರವಿಲ್ಲದೆ ಬರೆಯುವ ಮನುಷ್ಯ ಅವರಲ್ಲ. ಕಣ್ಣಾರೆ ಕಂಡಿದ್ದರು. ಶಾಂತಪ್ಪ “ಕಸ್ತೂರಬಾಯಿ ಶಿವಲಿಂಗ ಮಾಶಾಳೇ...” ಎಂದು ಒಮ್ಮೆ ಕೂಗಿದ. ಬಾಗಿಲಿನಿಂದ ನಾಲ್ಕು ಮಾರು ದೂರದ ಕಲ್ಲುಬೆಂಚಿನ ಮೇಲೆ ಕೂತಿದ್ದ ಮುದುಕಿ “ಅದೀನೋ ಯಪ್ಪಾ” ಎಂದಳು. ಆ ಮಾತು ಅನಂತರಾಯರಿಗೆ ಕೇಳಿಸಿತು, ಬೇವಿನ ಮರದ ಕೆಳಗೆ ಕೂತ ಟೈಪಿಂಗಿನವನಿಗೆ ಕೇಳಿಸಿತು, ಶಾಂತಪ್ಪನಿಗೊಬ್ಬನಿಗೆ ಕೇಳಿಸಲಿಲ್ಲ. ಅವನು ಎದೆ ತುಂಬ ಉಸಿರು ಎಳೆದುಕೊಂಡು ಎರಡನೆಯ ಸಲ ಕೂಗಿದ, ಮೂರನೆಯ ಸಲವೂ ಕೂಗಿದ. ಆಮೇಲೆ ಮುದುಕಿ ಎದ್ದು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅನಂತರಾವ್ ಕೈಯಲ್ಲಿದ್ದ ಸೆಕೆಂಡು ಎಣಿಸುವ ಗಡಿಯಾರ ನಿಲ್ಲಿಸಿ ಟ್ಯಾಬಿನಲ್ಲಿ ಬರೆದರು: “ಪುಕಾರಾ ಸಿಬ್ಬಂದಿಗೆ ಶ್ರವಣದೋಷ. ಪ್ರತಿ ಪ್ರಕರಣಕ್ಕೆ ನಲವತ್ತು ಸೆಕೆಂಡು ನಷ್ಟ. ಕಿವಿಯಂತ್ರ ಒದಗಿಸಲು ಶಿಫಾರಸು.”

ಅದು ಯಾವ ಕೋರ್ಟು ಎಂದು ಹೇಳದಿರುವುದೇ ವಾಸಿ. ಹೇಳಿದರೆ ಅಲ್ಲಿಗೇ ಹೋಗಿ ಬೆಂಚಿನ ಮೇಲೆ ಕೂರಬೇಕಾದೀತು. ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆಗೆ ಬಸ್ಸು ಹತ್ತಿದರೆ ಸಿಗುವ ಒಂದು ಸಣ್ಣ ಕೋರ್ಟು ಎಂದಿಟ್ಟುಕೊಂಡರೆ ಸಾಕು. ರಾಜ್ಯದ ಕೋರ್ಟುಗಳ ಆಡಳಿತ ಹೇಗೆ ನಡೆಯುತ್ತಿದೆ, ಎಲ್ಲಿ ಎಷ್ಟು ಹೊತ್ತು ಹಾಳಾಗುತ್ತಿದೆ, ಯಾವ ಕೋರ್ಟಿಗೆ ನೂರಕ್ಕೆ ಎಷ್ಟು ಅಂಕ ಎಂದು ಅಳೆಯುವ ಕೆಲಸವನ್ನು ಪುಣೆಯ ಒಂದು ಸಂಸ್ಥೆ ಗುತ್ತಿಗೆ ಹಿಡಿದಿತ್ತು. ಆ ಸಂಸ್ಥೆ ಅನಂತರಾಯರನ್ನು ಹಿಡಿದಿತ್ತು. ಅನಂತರಾವ್ ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಸವೆಸಿ, ಐವತ್ತಾರಕ್ಕೇ ಸ್ವಂತ ಇಚ್ಛೆಯಿಂದ ನಿವೃತ್ತರಾಗಿ, ವಿಜಾಪುರ ರಸ್ತೆಯ ಮನೆಯಲ್ಲಿ ಹೆಂಡತಿ ಗೋಪಿಕಾಬಾಯಿಯ ಅಡುಗೆಮನೆಯ ಆಡಳಿತವನ್ನು ಸುಧಾರಿಸುತ್ತಿದ್ದ ಕಾಲದಲ್ಲಿ ಈ ಹುದ್ದೆ ಬಂತು. ನೀಲಿ ಪಟ್ಟಿಯ ಗುರುತಿನ ಚೀಟಿ ಕೊರಳಿಗೆ ಬಿತ್ತು. ಅದನ್ನು ಅವರು ಕಾಯಿಪಲ್ಲೆ ತರಲು ಹೋಗುವಾಗಲೂ ತೆಗೆಯುತ್ತಿರಲಿಲ್ಲ.

“ಅಹೋ, ಕೋರ್ಟಿಗೆ ಮಾರ್ಕು ಕೊಡೋ ಸಾಹೇಬ್ರ,” ಎನ್ನುತ್ತಿದ್ದರು ಗೋಪಿಕಾಬಾಯಿ, “ಬದನೀಕಾಯಿಗೆ ಎಷ್ಟ ಮಾರ್ಕು ಕೊಟ್ಟ ತಂದೀರಿ? ಎಲ್ಲಾ ಹುಳಕ ಅದಾವ.”

ಮರುದಿನ ಅನಂತರಾವ್ ಚಹಾದ ಗಾಡಿಯ ಹತ್ತಿರ ಶಾಂತಪ್ಪನನ್ನು ಹಿಡಿದರು. ಕಿವುಡರ ಜೊತೆ ಮಾತಾಡುವುದು ಹೇಗೆಂದು ಅವರಿಗೆ ಗೊತ್ತಿತ್ತು. ಹತ್ತಿರ ಹೋಗಿ, ಬಾಯಿ ಅಗಲಿಸಿ, “ಶಾಂತಪ್ಪಾ! ಎಷ್ಟು ವರ್ಷದಿಂದ ಹಿಂಗದ?” ಎಂದು ಕಿರುಚಿದರು. ಗಾಡಿಯವನ ಕೈಯಿಂದ ಕಪ್ಪು ಜಾರಿತು.

“ಯಾಕ ಒದರಾಕತ್ತೀರಿ ಸಾಹೇಬ್ರ?” ಎಂದ ಶಾಂತಪ್ಪ ಮೆಲ್ಲಗೆ. “ನಾ ಇಲ್ಲೇ ಅದೀನಲ್ಲ. ಒದರೋದು ನನ್ನ ಡ್ಯೂಟಿ, ನಿಮ್ಮದಲ್ಲ.”

ಕೋರ್ಟಿನ ಬಾಗಿಲು ಬಿಟ್ಟರೆ ಶಾಂತಪ್ಪನ ದನಿ ಹಾಗೆಯೇ ಇರುತ್ತಿತ್ತು. ಅಕ್ಕಲಕೋಟೆಯ ಮನೆಯಲ್ಲಂತೂ ಅವನು ಇದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಮಗಳು ಪ್ರಣಿತಾ ಮರಾಠಿ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಹುಡುಗನಾಗಿದ್ದಾಗ ಶಾಂತಪ್ಪ ಸೊಲ್ಲಾಪುರದ ಸಿನಿಮಾ ಟಾಕೀಜಿನ ಪ್ರಚಾರದ ಟಾಂಗಾದಲ್ಲಿ ಕೂತು “ಇಂದೇ ನೋಡಿರಿ, ಕೊನೆಯ ಎರಡು ದಿನ” ಎಂದು ಗಿರಣಿ ಕೆಲಸಗಾರರ ಚಾಳುಗಳಲ್ಲಿ ಕೂಗುತ್ತ ತಿರುಗಿದವನು. ಯಾರೋ ಹಳೆಯ ಜಡ್ಜ್ ಸಾಹೇಬರು ಆ ದನಿ ಕೇಳಿ, ಹುದ್ದೆ ಖಾಲಿಯಿದೆ ಅರ್ಜಿ ಹಾಕು ಎಂದರಂತೆ. ಮೂವತ್ತನಾಲ್ಕು ವರ್ಷ ಆಯಿತು. ಅಂದಿನಿಂದ ಬಿಳಿ ಅಂಗಿ, ಹೆಗಲಿಗೆ ಕೆಂಪು ಪಟ್ಟಿ, ಅದರ ಮೇಲೆ ಹಿತ್ತಾಳೆಯ ಬಿಲ್ಲೆ. ಇನ್ನು ಏಳು ತಿಂಗಳಿಗೆ ನಿವೃತ್ತಿ.

ಹೆಸರು ಕೂಗುವುದರಲ್ಲಿ ಏನಿದೆ ಎಂದು ಅನಂತರಾಯರಿಗೆ ಅನಿಸಿದ್ದು ಸಹಜ. ಆದರೆ ಎರಡು ವಾರ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ ಮೇಲೆ ಕೆಲವು ಸಂಗತಿಗಳು ಕಂಡವು. ಕೋರ್ಟಿನ ಕಾಗದದಲ್ಲಿರುವ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಹೆಸರಿನ ಒಡೆಯನಿಗೂ ನೆನಪಿರುವುದಿಲ್ಲ. ಶಾಂತಪ್ಪ ಮೊದಲು ಕಾಗದದ ಹೆಸರನ್ನು ಮರಾಠಿಯ ಠೀವಿಯಲ್ಲಿ ಕೂಗಿ, ಆಮೇಲೆ “ಅಂದ್ರ ನಮ್ಮ ಟ್ಯಾಕ್ಟರ್ ಪೀರಪ್ಪಾ, ಬರ್ರಿ ಹೊರಗ!” ಎಂದು ಸೇರಿಸುತ್ತಿದ್ದ. ಬೀಡಿ ಸೇದುತ್ತ ಗೋಡೆಯ ಹಿಂದೆ ಕೂತ ಪೀರಪ್ಪ ಆಗ ಎದ್ದು ಓಡಿಬರುತ್ತಿದ್ದ. ಯಾರು ಯಾವ ಊರಿನವರು, ಆ ಊರಿನ ಬಸ್ಸು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಇವತ್ತು ಆ ಬಸ್ಸು ಮುಟ್ಟಿದೆಯೋ ಇಲ್ಲವೋ ಎಲ್ಲವೂ ಶಾಂತಪ್ಪನ ತಲೆಯಲ್ಲಿತ್ತು. ಕೂಗಿದರೂ ಯಾರೂ ಬರದಿದ್ದರೆ ಅವನು ಒಳಗೆ ಹೋಗಿ “ಬಸ್ ಬಂದಿಲ್ರಿ ಸಾಹೇಬ್ರ” ಎನ್ನುತ್ತಿದ್ದ. ಜಡ್ಜರು ಆ ಫೈಲನ್ನು ಮೇಜಿನ ಎಡ ತುದಿಗೆ ಸರಿಸುತ್ತಿದ್ದರು. ಅಲ್ಲಿ ಬೆಳೆಯುವ ರಾಶಿಗೆ ಗುಮಾಸ್ತರು ಇಟ್ಟ ಹೆಸರು ‘ಬಸ್ಸಿನ ಗಂಟು’. ಊಟದ ನಂತರ ಗಂಟು ಬಿಚ್ಚಿ ಮತ್ತೆ ಮೊದಲಿನಿಂದ ಕೂಗು. ಯಾವ ಕಾಯ್ದೆಯ ಪುಸ್ತಕದಲ್ಲೂ ಇಲ್ಲದ ಈ ಪದ್ಧತಿ ಎಷ್ಟು ಜಡ್ಜರು ಬದಲಾದರೂ ಹಾಗೆಯೇ ನಡೆದುಕೊಂಡು ಬಂದಿತ್ತು.

ಅನಂತರಾವ್ ಅದಕ್ಕೆ ಟ್ಯಾಬಿನಲ್ಲಿ ‘ಅನಧಿಕೃತ ವಿಳಂಬ ರಾಶಿ’ ಎಂದು ಹೊಸ ಹೆಸರಿಟ್ಟರು. ಹೆಸರು ಅವರಿಗೆ ಬಹಳ ಹಿಡಿಸಿತು. ಮನೆಯಲ್ಲಿ ಎರಡು ಸಲ ಜೋರಾಗಿ ಓದಿಕೊಂಡರು.

ಆದರೆ ಕಸ್ತೂರಬಾಯಿ ಕಲ್ಲುಬೆಂಚಿನ ಮೇಲೆ ಎದುರಿಗೇ ಇದ್ದಾಗಲೂ ಮೂರು ಸಲ ಕೂಗುವುದೇಕೆ? ಇದನ್ನು ಅವರು ಶಾಂತಪ್ಪನನ್ನೇ ಕೇಳಿದರು. ಅವನು ಚಹಾ ಮುಗಿಸಿ, ಕಪ್ಪನ್ನು ಗಾಡಿಯ ಮೇಲಿಟ್ಟು ಹೇಳಿದ:

“ಆಕೀಗೆ ಬೇಕಾಗ್ತದ್ರಿ.”

“ಏನು ಬೇಕಾಗ್ತದ?”

“ಹೆಸರು.”

ಕಸ್ತೂರಬಾಯಿಯ ಗಂಡ ಶಿವಲಿಂಗ ಸೊಲ್ಲಾಪುರದ ಗಿರಣಿಯಲ್ಲಿ ಮಗ್ಗದ ಮೇಲಿದ್ದವನು. ಗಿರಣಿ ಮುಚ್ಚಿತು, ಕೆಲವು ವರ್ಷದ ಮೇಲೆ ಶಿವಲಿಂಗ ಹೋದ. ಮಕ್ಕಳಿರಲಿಲ್ಲ. ಕೊನೆಗೆ ಕೋರ್ಟಿನ ಊರಿಗೆ ಬಂದು ಅವನು ಇದ್ದ ಒಂದು ಖೋಲಿಗಾಗಿ, ಒಂದೇ ಕೋಣೆಯ ಮನೆಗಾಗಿ, ಕಸ್ತೂರಬಾಯಿ ದಾವೆ ಹೂಡಿದಾಗ ಅವನ ತಮ್ಮ ಕೋರ್ಟಿನಲ್ಲಿ ಬರೆದುಕೊಟ್ಟ ಹೇಳಿಕೆಯಲ್ಲಿ ಒಂದು ಸಾಲಿತ್ತು: ‘ವಾದಿಯು ಮೃತನ ಹೆಂಡತಿಯಲ್ಲ, ಮನೆಯಲ್ಲಿ ಭಾಕ್ರಿ ಬಡಿಯಲು ಇಟ್ಟುಕೊಂಡ ಹೆಂಗಸು.’ ಭಾಕ್ರಿ ಎಂದರೆ ಜೋಳದ ರೊಟ್ಟಿ. ಕಸ್ತೂರಬಾಯಿಯ ಮದುವೆ ಮಂಗಳವೇಢೆಯ ತವರುಮನೆಯ ಅಂಗಳದಲ್ಲಿ ಆದದ್ದು. ಕಾಗದವಿಲ್ಲ, ಚಿತ್ರವಿಲ್ಲ, ಕಂಡವರು ಒಬ್ಬೊಬ್ಬರಾಗಿ ಹೋದರು. ದಾವೆ ಹತ್ತೊಂಬತ್ತು ವರ್ಷ ನಡೆಯಿತು. ನಡುವೆ ಆ ಖೋಲಿಯೇ ಕೆಡವಲ್ಪಟ್ಟು ಅಲ್ಲಿ ಟವೆಲ್ ಅಂಗಡಿಗಳ ಸಾಲು ಎದ್ದಿತು. ಮೈದುನನೂ ಸತ್ತ, ಅವನ ಮಕ್ಕಳು ದಾವೆಯಲ್ಲಿದ್ದರೂ ತಾರೀಖಿಗೆ ಬರುವುದನ್ನು ಬಿಟ್ಟರು. ಕಸ್ತೂರಬಾಯಿ ಮಾತ್ರ ತವರಿನ ಊರಲ್ಲಿ ತಮ್ಮನ ಮಗಳು ಸುರಭಿಯ ಮನೆಯಲ್ಲಿದ್ದುಕೊಂಡು, ಮಂಗಳವೇಢೆಯಿಂದ ಸೊಲ್ಲಾಪುರಕ್ಕೊಂದು ಬಸ್ಸು, ಸೊಲ್ಲಾಪುರದಿಂದ ಇಲ್ಲಿಗೊಂದು ಬಸ್ಸು ಹಿಡಿದು, ಒಂದು ತಾರೀಖೂ ತಪ್ಪಿಸದೆ ಬರುತ್ತಿದ್ದಳು.

“ನನಗ ಖೋಲಿ ಬ್ಯಾಡೋ ತಮ್ಮಾ,” ಎಂದು ಅವಳು ಅನಂತರಾಯರಿಗೂ ಹೇಳಿದಳು. ಕೊರಳಲ್ಲಿ ಚೀಟಿ ಕಂಡು ಇವರೂ ಒಬ್ಬ ಜಡ್ಜರಿರಬೇಕೆಂದು ತಿಳಿದಿದ್ದಳು. ಅನಂತರಾವ್ ಆ ತಪ್ಪನ್ನು ತಿದ್ದುವ ಆತುರ ತೋರಿಸಲಿಲ್ಲ. “ಆ ಒಂದು ಸಾಲು ತಗದ ಹಾಕ್ರಿ. ಮೂವತ್ತ ವರ್ಷ ಬಾಳೇವು ಮಾಡೀನಿ. ಭಾಕ್ರಿ ಬಡದೀನಿ ಖರೆ. ಯಾರ ಹೆಂಡತಿ ಬಡದಿಲ್ಲ? ನಿಮ್ಮಾಕಿ ಬಡಿಯಂಗಿಲ್ಲೇನು?”

ಇನ್ನು ಆ ಕೂಗಿನ ಸಂಗತಿ. ಕೋರ್ಟಿನ ದಫ್ತರದಲ್ಲಿ ಅವಳ ಹೆಸರು ಗಂಡನ ಹೆಸರಿನೊಂದಿಗೆ ಇತ್ತು. ಊರಲ್ಲಿ ಅವಳನ್ನು ಎಲ್ಲರೂ ಕಸ್ತೂರಕ್ಕ ಎನ್ನುತ್ತಿದ್ದರು. ಗಂಡನ ಹೆಸರು ಸೇರಿಸಿ, ನಾಲ್ಕು ಮಂದಿಯ ಮುಂದೆ, ಗಟ್ಟಿಯಾಗಿ ಕೂಗುತ್ತಿದ್ದವನು ಜಗತ್ತಿನಲ್ಲಿ ಶಾಂತಪ್ಪ ಒಬ್ಬನೇ. ಒಮ್ಮೆ ಅವಳು ಮೊದಲ ಕೂಗಿಗೇ ಎದ್ದು ಬಂದು, ಒಳಗೆ ಹೋಗುವ ಮುನ್ನ, “ಮೂರು ಸಲ ಕೂಗಬೇಕಂತ ಕಾಯ್ದೆ ಅದ ಅಂತಲ್ಲ, ಯಾಕ ಒಮ್ಮೆಗೇ ಮುಗಿಸಿದಿ?” ಎಂದಿದ್ದಳಂತೆ. ಅಂದಿನಿಂದ ಶಾಂತಪ್ಪ ಅವಳಿಗೆ ಮೂರೂ ಕೂಗನ್ನು ಪೂರ್ತಿ ಕೊಡುತ್ತಿದ್ದ.

ಅನಂತರಾವ್ ಅಂದು ಕಿವಿಯಂತ್ರದ ಸಾಲನ್ನು ಅಳಿಸಿದರು. ಮನಸ್ಸು ಒದ್ದೆಯಾಗಿತ್ತು, ಸುಳ್ಳಲ್ಲ. ಆದರೆ ಅಂಕಿಯ ಕಾಲಮಿನಲ್ಲಿ ಮನಸ್ಸಿಗೆ ಜಾಗವಿರಲಿಲ್ಲ. ಪುಣೆಯಿಂದ ಫೋನು ಬಂತು: ಬರೀ ಅಳೆದರೆ ಆಗದು, ಪ್ರತಿ ಕೋರ್ಟಿನಲ್ಲೂ ಒಂದು ಸುಧಾರಣೆ ಮಾಡಿ ತೋರಿಸಬೇಕು. ಅನಂತರಾವ್ ಮೂರು ದಿನ ಕೂತು ಬರೆದರು. ಪ್ರತಿ ಹೆಸರಿಗೆ ಮೂರು ಕೂಗು, ಒಟ್ಟು ಒಂದು ನಿಮಿಷ. ಪುಕಾರಾ ಸಿಬ್ಬಂದಿ ಒಳಗೆ ಹಾಜರು, ಗೈರು ಎಂದಷ್ಟೇ ಹೇಳಬೇಕು, ಯಾರನ್ನೂ ಹುಡುಕಲು ಬಾಗಿಲು ಬಿಟ್ಟು ಕದಲಬಾರದು. ವಿಳಂಬ ರಾಶಿ ಸಂಪೂರ್ಣ ರದ್ದು. ಪಕ್ಷಗಾರರಿಗೆ ಎಲ್ಲ ಮಾಹಿತಿ ಮೊಬೈಲ್ ಸಂದೇಶದ ಮೂಲಕ. ಇದರಿಂದ ದಿನಕ್ಕೆ ಎಪ್ಪತ್ತು ನಿಮಿಷ ಉಳಿತಾಯ. ಕಚೇರಿಯ ಲೆಕ್ಕಪತ್ರ, ಸಿಬ್ಬಂದಿ ನೋಡಿಕೊಳ್ಳುವ ನಾಝರ ನಿತಿನ ಓದಿ ಕುಣಿದಾಡಿದ. ಕೋರ್ಟು ಅಂಕಪಟ್ಟಿಯಲ್ಲಿ ಕೆಳಗಿನಿಂದ ನಾಲ್ಕನೆಯದಾಗಿತ್ತು, ಅವನ ಬಡ್ತಿ ಅದಕ್ಕೆ ಜೋತುಬಿದ್ದಿತ್ತು. ಜಡ್ಜರು ಒಂದು ತಿಂಗಳ ಪ್ರಯೋಗಕ್ಕೆ ಒಪ್ಪಿ ಸಹಿ ಹಾಕಿದರು.

ಶಾಂತಪ್ಪ ಆದೇಶ ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡ. “ಬಸ್ಸಿಗೂ ಕಳಿಸೀರೇನ್ರಿ ಈ ಆರ್ಡರು?” ಎಂದು ಕೇಳಿದ. ನಿತಿನ ನಕ್ಕ. ಅನಂತರಾವ್ ಕೂಡ ನಕ್ಕರು.

ಪ್ರಯೋಗದ ಎರಡನೆಯ ವಾರ ಕಸ್ತೂರಬಾಯಿಯ ತಾರೀಖು. ಅಂದು ಅವಳ ಸ್ವಂತ ಸಾಕ್ಷಿ. ಹಿಂದಿನ ಮೂರು ತಾರೀಖು ಅವಳ ವಕೀಲರು ಗೈರಾಗಿ ಮುಂದೆ ಹೋಗಿದ್ದವು. ಹಾಗಾಗಿ ಫೈಲಿನ ಮೇಲೆ ‘ಕೊನೆಯ ಅವಕಾಶ’ ಎಂದು ಕೆಂಪಿನಲ್ಲಿ ಬರೆದಿತ್ತು. ಅವಳು ಒಂದು ಸಲ ಒಳಗೆ ನಿಂತು ನಾನು ಶಿವಲಿಂಗನ ಹೆಂಡತಿ ಎಂದು ಹೇಳಿದರೆ, ಅಲ್ಲ ಎಂದು ಸಾಧಿಸಲು ಆ ಕಡೆಯಿಂದ ಯಾರೂ ಬರುತ್ತಿರಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಹತ್ತೊಂಬತ್ತು ವರ್ಷ ಹಿಡಿದಿತ್ತು.

ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಫೈಲು ಬಂತು. ವಕೀಲರು ಸೊಲ್ಲಾಪುರದ ಇನ್ನೊಂದು ಕೋರ್ಟಿನಲ್ಲಿದ್ದರು. ಶಾಂತಪ್ಪ ಬಾಗಿಲಿಗೆ ಬಂದು ಬೆಂಚು ನೋಡಿದ. ಖಾಲಿ. ರಸ್ತೆಯ ಕಡೆ ನೋಡಿದ. ಅನಂತರಾವ್ ಪಕ್ಕದಲ್ಲೇ ಗಡಿಯಾರ ಒತ್ತಿದರು.

“ಕಸ್ತೂರಬಾಯಿ ಶಿವಲಿಂಗ ಮಾಶಾಳೇ...”

ಮೊದಲ ಕೂಗು ಎಂದಿಗಿಂತ ಉದ್ದವಿತ್ತು. ಎರಡನೆಯದು ಇನ್ನೂ ಉದ್ದ. ಬೇವಿನ ಮರದ ಕೆಳಗಿನವರು ಮಾತು ನಿಲ್ಲಿಸಿ ತಿರುಗಿದರು. ಮೂರನೆಯ ಕೂಗಿಗೆ ಶಾಂತಪ್ಪ ಎಷ್ಟು ಉಸಿರು ಎಳೆದುಕೊಂಡನೆಂದರೆ ಪಟ್ಟಿಯ ಬಿಲ್ಲೆ ಎದೆಯ ಮೇಲೆ ಎದ್ದು ನಿಂತಿತು. ಅದು ರಸ್ತೆ ದಾಟಿ ಹೋಗಿರಬೇಕು. ಯಾರೂ ಬರಲಿಲ್ಲ. ಅವನು ಅನಂತರಾಯರ ಮುಖ ನೋಡಿದ. ಅನಂತರಾವ್ ಗಡಿಯಾರ ನೋಡುತ್ತಿದ್ದರು.

“ಸಾಹೇಬ್ರ, ಮಂಗಳವೇಢಿ ಬಸ್ಸು...”

“ಐವತ್ತೆಂಟು,” ಎಂದರು ಅನಂತರಾವ್, ತಲೆ ಎತ್ತದೆ. “ಐವತ್ತೊಂಬತ್ತು. ಆತು ಶಾಂತಪ್ಪ, ಒಳಗ ಹೋಗ್ರಿ.”

ಶಾಂತಪ್ಪ ಒಳಗೆ ಹೋದ. ಜಡ್ಜರು ಕಣ್ಣೆತ್ತಿ ಅವನತ್ತ ನೋಡಿದರು, ಎಂದಿನ ಮಾತಿಗಾಗಿ ಕಾಯುವಂತೆ. ಶಾಂತಪ್ಪನ ಕಿಸೆಯಲ್ಲಿ ಆದೇಶವಿತ್ತು, ಬಾಗಿಲಲ್ಲಿ ಅನಂತರಾವ್ ಇದ್ದರು, ಆರು ತಿಂಗಳಾಚೆ ಪಿಂಚಣಿ ಇತ್ತು. “ಹಾಜರಿಲ್ರಿ,” ಎಂದ. ಜಡ್ಜರು ಮೇಜಿನ ಎಡ ತುದಿಯನ್ನೊಮ್ಮೆ ನೋಡಿದರು. ಅದು ಖಾಲಿ ಇತ್ತು, ಒರೆಸಿ ಸ್ವಚ್ಛ ಮಾಡಿತ್ತು. ವಾದಿ ಗೈರು, ದಾವೆ ವಜಾ ಎಂದು ಬರೆದರು. ಅನಂತರಾಯರ ಟ್ಯಾಬಿನಲ್ಲಿ ಹದಿನೈದು ವರ್ಷಕ್ಕಿಂತ ಹಳೆಯ ಪ್ರಕರಣಗಳ ಸಂಖ್ಯೆ ಒಂದು ಕಡಿಮೆಯಾಯಿತು; ಕೋರ್ಟಿನ ಅಂಕ ಅಲ್ಲೇ ಏರಿತು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಕಸ್ತೂರಬಾಯಿ ಬಂದಳು. ಬೇಗಮಪುರದ ಹತ್ತಿರ ಬಸ್ಸಿನ ಗಾಲಿ ಪಂಕ್ಚರ್ ಆಗಿ, ಬಿಸಿಲಲ್ಲಿ ಎಲ್ಲರನ್ನೂ ಇಳಿಸಿದ್ದರಂತೆ. ಸಾಕ್ಷಿಗೆಂದು ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು, “ಇನ್ನೂ ಕೂಗಿಲ್ಲಲ್ಲ?” ಎಂದಳು.

ಶಾಂತಪ್ಪ ಅವಳ ಮುಂದೆ ಹೋಗಿ ನಿಂತ. ಏನೋ ಹೇಳಿದ. ಕುರ್ಚಿಯಲ್ಲಿದ್ದ ಅನಂತರಾಯರಿಗೆ ಅದು ಕೇಳಿಸಲಿಲ್ಲ. ಅಷ್ಟು ಸಣ್ಣ ದನಿ.

“ಹಂಗ್ಯಾಂಗ?” ಎಂದಳು ಮುದುಕಿ. “ನಾ ಬಂದೀನಲ್ಲ. ಇಲ್ಲೇ ಅದೀನಲ್ಲೋ. ಈಗ ಕೂಗು.”

“ಈಗ ಆಗಂಗಿಲ್ಲ ಅವ್ವಾ.”

“ಯಾಕ ಆಗಂಗಿಲ್ಲ? ನಿನಗ ದನಿ ಇಲ್ಲೇನು?”

ಆಗಲೇ ಅವಳ ಚೀಲದಲ್ಲಿದ್ದ ಗುಂಡಿಯ ಮೊಬೈಲು ಕುಂಯ್‌ ಎಂದಿತು. ಹೊಸ ಪದ್ಧತಿ ಚುರುಕಾಗಿ ಕೆಲಸ ಮಾಡಿತ್ತು. ಅವಳು ಅದನ್ನು ತೆಗೆದು, ಓದಬಲ್ಲವರೆಂದು ಅನಂತರಾಯರ ಕೈಗೇ ಕೊಟ್ಟಳು. ‘ನಿಮ್ಮ ಪ್ರಕರಣ ಮುಕ್ತಾಯಗೊಂಡಿದೆ. ನ್ಯಾಯಾಲಯದ ಸೇವೆ ಪಡೆದದ್ದಕ್ಕಾಗಿ ಧನ್ಯವಾದ’ ಎಂದು ಮರಾಠಿಯಲ್ಲಿತ್ತು. ಧನ್ಯವಾದದ ಸಾಲು ಇರಲಿ ಎಂದು ಸೂಚಿಸಿದವರು ಅನಂತರಾಯರೇ.

“ಏನಂತ ಬರದಾರ ತಮ್ಮಾ?” ಎಂದಳು ಕಸ್ತೂರಬಾಯಿ. “ಆ ಸಾಲು ತಗದಾರೇನು?”

ಅನಂತರಾವ್ ಮೊಬೈಲನ್ನು ಅವಳ ಕೈಗೆ ಮರಳಿಸಿದರು. “ಕಾಕೂ, ಮತ್ತ ಅರ್ಜಿ ಹಾಕಾಕ ಬರ್ತದ,” ಎಂದರು. “ಮೂವತ್ತ ದಿವಸದ ಒಳಗ.”

ಬರುತ್ತದೆ ನಿಜ. ದಾವೆ ಮತ್ತೆ ತೆರೆಯಬೇಕೆಂಬ ಅರ್ಜಿಯನ್ನು ಶಾಂತಪ್ಪನೇ ಓಡಾಡಿ ವಕೀಲರಿಂದ ಬರೆಸಿದ. ಗಡುವಿನೊಳಗೆ ಸಲ್ಲಿಸಿದ್ದೂ ಆಯಿತು. ಮೈದುನನ ಮಕ್ಕಳಿಗೆ ನೋಟೀಸು ಹೋಗಬೇಕು. ಅದು ಹೋಗಿ, ವಿಳಾಸ ತಪ್ಪೆಂದು ಮರಳಿ, ಮತ್ತೆ ಹೋಗಿ, ತಾರೀಖು ಬಿದ್ದದ್ದು ಮೂರು ತಿಂಗಳಿಗೆ. ಅಂದು ಬೆಂಚಿನ ಮೇಲೆ ಕೂತಿದ್ದವಳು ಸುರಭಿ. ಕಸ್ತೂರಬಾಯಿ ಹನ್ನೊಂದು ದಿನದ ಹಿಂದೆ ಜ್ವರದಲ್ಲಿ ಹೋಗಿಬಿಟ್ಟಿದ್ದಳು.

“ಕಡೀಕ ಏನೇನೋ ಬಡಬಡಿಸ್ತಿದ್ದಳ್ರಿ ಮಾಮಾ,” ಎಂದಳು ಸುರಭಿ ಶಾಂತಪ್ಪನಿಗೆ. “ಕೂಗ್ಯಾರೇನ ನೋಡವಾ, ಕೂಗ್ಯಾರೇನ ನೋಡವಾ ಅಂತ. ಯಾರು ಅತ್ಯಾ ಅಂದ್ರ ಹೇಳಲಿಲ್ಲ.”

ಫೈಲು ಬಂದಾಗ ಶಾಂತಪ್ಪ ಬಾಗಿಲಿಗೆ ಬಂದ. ಸತ್ತದ್ದು ಕಾಗದದಲ್ಲಿ ದಾಖಲಾಗುವವರೆಗೆ ಯಾರೂ ಸತ್ತಿಲ್ಲ, ಹೆಸರು ಕೂಗಲೇಬೇಕು. ಅವನು ಬಗ್ಗಿ ಚಪ್ಪಲಿ ಕಳಚಿ ಗೋಡೆಯ ಬದಿಗಿಟ್ಟ. ಹೋದವರ ಹೆಸರಿಗೆ ಅವನು ಯಾವತ್ತೂ ಹಾಗೆ ಮಾಡುತ್ತಿದ್ದನೆಂದು ಟೈಪಿಂಗಿನವನು ಆಮೇಲೆ ಹೇಳಿದ. ಅನಂತರಾವ್ ನೋಡಿದ್ದು ಅದೇ ಮೊದಲು. ಬರಿಗಾಲಲ್ಲಿ ನಿಂತು, ಗಂಡನ ಹೆಸರು ಸೇರಿಸಿ, ಮೂರು ಸಲ ಕೂಗಿದ. ಒಂದೂವರೆ ನಿಮಿಷ ಹಿಡಿಯಿತು. ಅನಂತರಾಯರ ಕೈಯಲ್ಲಿ ಗಡಿಯಾರವಿತ್ತು, ಒತ್ತಿರಲಿಲ್ಲ.

ಹಕ್ಕು ಕೇಳುವವಳೇ ಇಲ್ಲದ ಮೇಲೆ ಕೇಳಿದ ಹಕ್ಕೂ ಇಲ್ಲ ಎಂದು ಜಡ್ಜರು ಬರೆದರು. ಕಾಯ್ದೆಯ ಪ್ರಕಾರ ಅದು ಸರಿಯಾಗಿತ್ತು. ಭಾಕ್ರಿಯ ಸಾಲಿದ್ದ ಫೈಲನ್ನು ಬಟ್ಟೆಯಲ್ಲಿ ಕಟ್ಟಿ ದಫ್ತರದ ಕೋಣೆಗೆ ಸಾಗಿಸಲಾಯಿತು. ಆ ಸಾಲು ಅಲ್ಲಿ ಈಗಲೂ ಇದೆ.

ವರ್ಷದ ಕೊನೆಗೆ ಆ ಕೋರ್ಟು ಅಂಕಪಟ್ಟಿಯಲ್ಲಿ ಹದಿನೇಳು ಸ್ಥಾನ ಮೇಲೇರಿತು. ಪ್ರಯೋಗ ಕಾಯಂ ಆಯಿತು, ನಿತಿನನಿಗೆ ಬಡ್ತಿ ಬಂತು, ಅನಂತರಾಯರಿಗೆ ಪುಣೆಯಿಂದ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಬಂತು. ಗೋಪಿಕಾಬಾಯಿ ಅದನ್ನು ನಡುಮನೆಯ ಗೋಡೆಗೆ ಹಾಕಲು ಮೊಳೆ ಹುಡುಕುತ್ತಿದ್ದರೆ ಅವರು “ಇರಲಿ ಬಿಡು, ಗ್ವಾಡಿ ಹಾಳಾಗ್ತದ” ಎಂದು ಕಪಾಟಿನೊಳಗೆ ಇಟ್ಟರು. ಗೋಪಿಕಾಬಾಯಿ ಈ ಸಲ ಏನೂ ಚೇಷ್ಟೆ ಮಾಡಲಿಲ್ಲ. ಗಂಡ ಕೊರಳಿನ ಚೀಟಿ ಹಾಕಿಕೊಳ್ಳುವುದನ್ನು ಬಿಟ್ಟು ಕೆಲವು ದಿನವಾಗಿದ್ದನ್ನು ಅವರು ಗಮನಿಸಿದ್ದರು.

ಒಂದು ಕೆಲಸ ಉಳಿದಿತ್ತು. ಸಿಬ್ಬಂದಿಯ ಅಭಿಪ್ರಾಯದ ನಮೂನೆ ತುಂಬಿಸಬೇಕು, ಇಪ್ಪತ್ತೆರಡು ಪ್ರಶ್ನೆ. ಶಾಂತಪ್ಪನ ನಿವೃತ್ತಿಗೆ ನಾಲ್ಕು ದಿನವಿದ್ದಾಗ ಅನಂತರಾವ್ ಬೆಂಚಿನ ಮೇಲೆ ಅವನ ಪಕ್ಕ ಕೂತರು. ಒಂದೊಂದೇ ಪ್ರಶ್ನೆ ಓದಿದರು. ಕುಡಿಯುವ ನೀರು ಹೇಗಿದೆ, ಬೆಳಕು ಸಾಕೇ, ಮೇಲಧಿಕಾರಿಗಳು ಸೌಜನ್ಯದಿಂದ ನಡೆದುಕೊಳ್ಳುತ್ತಾರೆಯೇ. ಶಾಂತಪ್ಪ ಎಲ್ಲದಕ್ಕೂ “ಚಲೋ ಅದ್ರಿ, ಹಾಕ್ರಿ” ಎಂದ. ಇಪ್ಪತ್ತೆರಡೂ ಮುಗಿದವು. ಸಹಿಯಾಯಿತು. ಅನಂತರಾವ್ ಏಳಬಹುದಿತ್ತು, ಏಳಲಿಲ್ಲ. ಟ್ಯಾಬಿನ ಮೇಲಿಲ್ಲದ ಧೂಳನ್ನು ಒರೆಸಿದರು. ಆಮೇಲೆ ನಮೂನೆಯಲ್ಲಿಲ್ಲದ ಒಂದು ಪ್ರಶ್ನೆ ಕೇಳಿದರು. ಇಂಥ ಪ್ರಶ್ನೆಗೆ ಆ ಕಡೆಯ ಯಾವ ಮರ್ಯಾದಸ್ಥನೂ ಕೊಡುವ ಉತ್ತರ ಅವರಿಗೆ ಗೊತ್ತಿತ್ತು, ಛೇ ಛೇ ಎಂಥಾ ಮಾತ್ರಿ ಎಂಬುದು. ಅದನ್ನು ಕೇಳಿಕೊಂಡು ಮನೆಗೆ ಹೋಗೋಣ ಎಂದೇ ಕೇಳಿದ್ದು.

“ಶಾಂತಪ್ಪ, ನನ್ನ ಮ್ಯಾಲ ನಿಮಗೇನೂ ಸಿಟ್ಟಿಲ್ಲಲ್ಲ?”

“ಅದ್ರಿ,” ಎಂದ ಶಾಂತಪ್ಪ. “ಭಾಳ ಅದ.”